ಮೂರು ಶನಿವಾರದ ಸದ್ದು

ನನ್ನ ಮೈಕು ರಿಪೇರಿ ಮಾಡಿ ಊರಿಗೆ ಹೊರಟ ಅವರನ್ನು ಅಜ್ಜಂಪುರದಲ್ಲಿ ಬಸ್ಸು ಹತ್ತಿಸಿದವಳು ನಾನೇ. ಭಾನುವಾರ, ಬೆಳಗ್ಗೆ ಹನ್ನೊಂದರ ತರೀಕೆರೆ ಬಸ್ಸು; ಅಲ್ಲಿಂದ ಅವರ ಕಡೂರಿಗೆ ಬೇರೆ ಬಸ್ಸು. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ಸಾಯಂಕಾಲ ಒಂದ್ಸಲ ರೆಕಾರ್ಡ್ ಮಾಡಿ ಕೇಳ್ಬಿಟ್ಟು ಫೋನ್ ಮಾಡಮ್ಮ. ಇನ್ನೂ ಏನಾರ ಗುಂಯ್ ಅಂದ್ರೆ ನಂದೇ ತಪ್ಪು. ಮತ್ತೆ ಬತ್ತೀನಿ" ಎಂದರು. ನಾನು ಕೈ ಬೀಸಿದೆ.

ಮನೆಗೆ ಬಂದು ಅನ್ನಕ್ಕಿಟ್ಟು ಸೊಪ್ಪು ಬಿಡಿಸುತ್ತ ಕೂತಿದ್ದಾಗ ಫೋನು ಬಂತು. ಅವರದೇ ಹೆಸರು. ಏನೋ ಮರೆತು ಹೋಗಿರಬೇಕು ಎಂದುಕೊಂಡು, "ಏನ್ ಬಿಟ್ಟು ಹೋದ್ರಿ ಸರ್?" ಎಂದೆ. ಅತ್ತ ಕಡೆ ಬೇರೆ ದನಿ.

"ಅಮ್ಮಾ, ನಾನು ಬಸ್ ಕಂಡಕ್ಟ್ರು. ಈ ಫೋನಲ್ಲಿ ಕೊನೇಗೆ ನಿಮ್ ನಂಬರಿತ್ತು. ಯಜಮಾನ್ರು ನಿಮ್ಗೇನಾಗ್ಬೇಕು?"

ನನ್ನ ಉತ್ತರಕ್ಕೆ ಕಾಯದೆ ಆತನೇ ಮುಂದುವರಿಸಿದ. ತರೀಕೆರೆಯಲ್ಲಿ ಎಲ್ಲರೂ ಇಳಿದ ಮೇಲೂ ಅವರು ಕಿಟಕಿಗೆ ತಲೆಯಾನಿಸಿ ಕೂತೇ ಇದ್ದರಂತೆ. ನಿದ್ದೆ ಹತ್ತಿರಬೇಕು ಎಂದು ಭುಜ ಅಲುಗಿಸಿದನಂತೆ. ಕೈಚೀಲ ಜಾರಿ ಬಿದ್ದು, ಟವೆಲ್ಲಿನಲ್ಲಿ ಸುತ್ತಿದ್ದ ಹಸಿರು ಹಲಗೆಯೊಂದು ಹೊರಬಂತಂತೆ. ಅದರ ಮೇಲೆ ವೈರು, ಬೆಸುಗೆ, ಪುಟ್ಟ ಪುಟ್ಟ ಡಬ್ಬಿಗಳು. "ನಾನು ಹೆದ್ರುಕೊಂಡ್ಬಿಟ್ಟೆ ಕಣಮ್ಮ, ಬಾಂಬು ಗೀಂಬು ಇರ್ಬೇಕು ಅಂತ" ಎಂದ ಆತ. ಆಮೇಲೆ, "ಯಜಮಾನ್ರು ಹೋಗ್ಬಿಟ್ಟವ್ರೆ" ಎಂದ.

ಮುಕ್ಕಾಲು ಗಂಟೆಯ ಹಿಂದೆ ಕಿಟಕಿಯಲ್ಲಿ ನಗುತ್ತಿದ್ದ ಮನುಷ್ಯ. ಒಲೆಯ ಮೇಲೆ ಅನ್ನ ಸೀದು ಹೋಗಿ ಹೊಗೆ ಬರುವವರೆಗೂ ನಾನು ಫೋನು ಹಿಡಿದುಕೊಂಡು ನಿಂತೇ ಇದ್ದೆ.

ಅವರು ಸಖರಾಯಪಟ್ಟಣದ ಕಡೆಯವರು. ತೆಂಗಿನ ತೋಟ, ರಾಗಿ ಹೊಲ ಇದ್ದ ಒಕ್ಕಲು ಮನೆತನ. ತೋಟವನ್ನು ತಮ್ಮನಿಗೆ ಬಿಟ್ಟು ಕಡೂರಿಗೆ ಬಂದು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟೆಕ್ನಿಷಿಯನ್ ಆಗಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದರು. ಮನೆಯ ಹಿಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ದಿನವಿಡೀ ಒಂದೇ ಕೆಲಸ: ಮೈಕು, ಆಂಪ್ಲಿಫೈಯರುಗಳಿಗೆ ಹೋಗುವ ಕರೆಂಟನ್ನು ಸದ್ದಿಲ್ಲದ ಹಾಗೆ ಮಾಡುವುದು. ಅಂದರೆ ರೆಗ್ಯುಲೇಟರ್ ಕಟ್ಟುವುದು, ಕೆಟ್ಟ ರೆಗ್ಯುಲೇಟರಿನ ರೋಗ ಹುಡುಕುವುದು. ಆಂಪ್ಲಿಫೈಯರು ಕಟ್ಟುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಬರೀ ಅದರ ಹಿಂದಿನ ಕರೆಂಟನ್ನೇ ಹಿಡಿದು ಕೂತವರನ್ನು ನಾನು ಬೇರೆ ಕಂಡಿಲ್ಲ.

ನಾನು ಅವರನ್ನು ಹುಡುಕಿಕೊಂಡು ಹೋದದ್ದು ಒಂದು ಗೊರಕೆಯಿಂದಾಗಿ. ನಾನು ಅಜ್ಜಂಪುರದ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ತರೀಕೆರೆಯಲ್ಲಿ ಸರ್ಕಾರಿ ಕಚೇರಿಯೊಂದರ ಗುಮಾಸ್ತರಿಗೆ ಎರಡೂ ಕಣ್ಣಿಲ್ಲ. ಇಲಾಖೆ ಪರೀಕ್ಷೆಗೆ ಓದಬೇಕಿತ್ತು. ಯಾರೋ ಹೇಳಿದರೆಂದು ನಾನು ಅವರಿಗೆ ಪುಸ್ತಕಗಳನ್ನು ಗಟ್ಟಿಯಾಗಿ ಓದಿ, ರೆಕಾರ್ಡ್ ಮಾಡಿ ಕಳಿಸತೊಡಗಿದೆ. ಅವರಿಂದ ಅವರ ಸ್ನೇಹಿತರಿಗೆ ಹೋಯಿತು. ಕೊನೆಗೆ ಹತ್ತಾರು ಜನ ಕೇಳುವವರಾದರು. ಒಂದು ದಿನ ಆ ಗುಮಾಸ್ತರು ಫೋನಿನಲ್ಲಿ ಬಹಳ ಸಂಕೋಚದಿಂದ, "ಟೀಚರ್, ತಪ್ಪು ತಿಳ್ಕೋಬೇಡಿ. ನೀವು ಓದ್ವಾಗ ಹಿಂದ್ಗಡೆ ಯಾರೋ ಗೊರ್ಕೆ ಹೊಡೀತಿರ್ತಾರಲ್ಲ, ಯಾರು?" ಎಂದು ಕೇಳಿದರು.

ನಾನು ನನ್ನ ಗಂಡನ ಮೇಲೆ ರೇಗಿದೆ. ಅವರು, "ನೀನು ಓದೋ ಹೊತ್ತಲ್ಲಿ ನಾನು ಅಂಗಡೀಲಿರ್ತೀನಲ್ಲೇ" ಎಂದರು. ನಿಜವೇ. ಹಾಗಾದರೆ ಗೊರಕೆ ಯಾರದು? ಮೈಕಿನ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು, ವಿಚಾರಿಸುತ್ತ ವಿಚಾರಿಸುತ್ತ ಕಡೂರಿನ ಅವರ ಮನೆ ಬಾಗಿಲಿಗೆ ಹೋದೆ.

ಬಾಗಿಲು ತೆಗೆದದ್ದು ಅವರ ಹೆಂಡತಿ ಗಿರಿಜಮ್ಮ. "ಗುಂಯ್ ಅಂತದಾ, ಸುಸ್ ಅಂತದಾ?" ಎಂದು ಅವರೇ ಮೊದಲು ಕೇಳಿದರು. ಡಾಕ್ಟರ ಮನೆಯ ಹೆಂಗಸರು ರೋಗ ವಿಚಾರಿಸುವ ಹಾಗಿತ್ತು ಆ ಧಾಟಿ.

ಅವರ ಯಜಮಾನರು ಒಳಗೆ ನಿಂತಿದ್ದರು. ಬಲಗೈಯಲ್ಲಿ ಮೀಟರಿನ ಕಡ್ಡಿ, ಎಡಗೈ ಬೆನ್ನ ಹಿಂದೆ. ಕರೆಂಟಿರುವ ಪೆಟ್ಟಿಗೆಯೊಳಗೆ ಒಂದೇ ಕೈ ಹಾಕಬೇಕು, ಎರಡೂ ಕೈ ಹಾಕಿದರೆ ಎದೆಯ ಮೂಲಕ ಹರಿಯುತ್ತದೆ ಎಂಬುದು ಅವರ ಕೆಲಸದ ಮೊದಲ ಪಾಠವಂತೆ. ಅದು ಎಷ್ಟು ರೂಢಿಯಾಗಿತ್ತೆಂದರೆ ಊಟ ಬಡಿಸುವಾಗಲೂ, ರಸ್ತೆಯಲ್ಲಿ ಮಾತಾಡುವಾಗಲೂ, ಆಮೇಲೆ ಆಸ್ಪತ್ರೆಯಲ್ಲಿ ನನ್ನ ಮಂಚದ ಪಕ್ಕ ನಿಂತಾಗಲೂ ಅವರ ಎಡಗೈ ಬೆನ್ನ ಹಿಂದೆಯೇ ಇರುತ್ತಿತ್ತು. ಗೊತ್ತಿಲ್ಲದವರು ಏನನ್ನೋ ಬಚ್ಚಿಟ್ಟುಕೊಂಡಿದ್ದಾರೆ ಎಂದುಕೊಳ್ಳಬೇಕು, ಹಾಗೆ.

ಅವರು ನನ್ನ ಮೈಕನ್ನು ಮುಟ್ಟಲೇ ಇಲ್ಲ. ಪೆಟ್ಟಿಗೆ ಬಿಚ್ಚಿ, ಮೈಕಿನ ಸರ್ಕ್ಯೂಟಿಗೆ ಕರೆಂಟು ಹೋಗುವ ಜಾಗದಿಂದ ಒಂದು ವೈರು ಎಳೆದು, ತಮ್ಮದೊಂದು ಪುಟ್ಟ ಆಂಪ್ಲಿಫೈಯರಿಗೆ ಕೊಟ್ಟು, ಹೆಡ್‌ಫೋನನ್ನು ನನ್ನ ಕೈಗಿತ್ತರು. "ಕೇಳಿ. ಇದು ಬರೀ ಕರೆಂಟು. ಇದರಾಗೆ ನೀವಿಲ್ಲ."

ಕೇಳಿದೆ. ನಿಜವಾಗಿಯೂ ಗೊರಕೆ. ಅದರ ಹಿಂದೆ, ದೂರದಲ್ಲಿ ಮಳೆ ಬಿದ್ದಂತೆ ಒಂದು ಸುಸ್ ಎಂಬ ಸದ್ದು.

"ಗೊರ್ಕೆ ಹೊಡೀತಿರೋದು ನಿಮ್ ಯಜಮಾನ್ರಲ್ಲ. ಗೋಡೇಲಿ ಬರೋ ಕರೆಂಟು ಒಂದೇ ಸಮ ಬರಲ್ಲ, ಅಲೆ ಅಲೆಯಾಗಿ ಬತ್ತದೆ. ಆ ಅಲೆ ಪೂರಾ ಸತ್ತಿಲ್ಲ. ಆ ಸುಸ್ ಅನ್ನೋನು ಇವನು" ಎಂದು ಮೂರು ಕಾಲಿನ ಕಪ್ಪು ಚೂರೊಂದನ್ನು ತೋರಿಸಿದರು. "ರೆಗ್ಯುಲೇಟರು. ಅಲೆ ತಡೆಯೋಕೆ ಇಟ್ಟಿರೋನು. ತಾನೇ ಪಿಸಪಿಸ ಅಂತವ್ನೆ."

ನಾನು ಕನ್ನಡ ಟೀಚರೆಂದು ತಿಳಿದ ಮೇಲೆ ಎಲ್ಲವನ್ನೂ ಕೆರೆಯ ಭಾಷೆಯಲ್ಲಿ ಹೇಳತೊಡಗಿದರು. "ನಮ್ಮೂರಾಗೆ ನೀರುಗಂಟಿ ಇದ್ದ, ಕೆರೆ ತೂಬಿನ ಹತ್ರ. ಗದ್ದೆಗೆ ನೀರು ಕಮ್ಮಿಯಾದ್ರೆ ತೂಬು ಎತ್ತೋನು, ಜಾಸ್ತಿಯಾದ್ರೆ ಇಳ್ಸೋನು. ರೆಗ್ಯುಲೇಟರ್ ಅಂದ್ರೆ ಅವ್ನೇ. ಗದ್ದೆಯೋರಿಗೆ ಅವ್ನು ಇದ್ದಾನೆ ಅನ್ನೋದೇ ಗೊತ್ತಾಗ್ಬಾರ್ದು. ಹಂಗಿರ್ಬೇಕು ನೀರು."

ಮುಂದಿನ ವಾರ ಹೊಸ ಹಲಗೆ ಕಟ್ಟಿ ಕೊಟ್ಟರು. ಮನೆಗೆ ತಂದು ಹಾಕಿದೆ. ಗೊರಕೆ ಹೋಗಿತ್ತು. ಆದರೆ ನನ್ನ ದನಿಯೇ ಒರಟಾಗಿ, ಮರಳು ಕಾಗದದಿಂದ ಉಜ್ಜಿದಂತೆ ಕೇಳಿಸಿತು. ಹೇಳಲು ನನಗೆ ಮುಜುಗರ. ಫೋನಿನಲ್ಲಿ ನಾನು ಸುತ್ತಿ ಬಳಸಿ ಹೇಳುವಷ್ಟರಲ್ಲಿ ಅವರು, "ನಂದೇ ತಪ್ಪಿರ್ಬೇಕು. ನಾಳೆ ಬತ್ತೀನಿ" ಎಂದುಬಿಟ್ಟರು. ಮರುದಿನ ಮೊದಲ ಬಸ್ಸಿಗೇ ಅಜ್ಜಂಪುರದಲ್ಲಿದ್ದರು.

ಕಾರಣ ಸಿಕ್ಕಿದ್ದು ಮಧ್ಯಾಹ್ನಕ್ಕೆ. ಕೊನೆಯಲ್ಲಿ ಹಾಕಿದ್ದ, ಕರೆಂಟನ್ನು ಕೂಡಿಟ್ಟು ಅಲೆ ತಗ್ಗಿಸುವ ಕೆಪಾಸಿಟರು ಹೊಸದು, ಬಹಳ ಒಳ್ಳೆಯದು. ಅಷ್ಟು ಒಳ್ಳೆಯದನ್ನು ಆ ಸರ್ಕ್ಯೂಟು ತಡೆಯಲಾರದಂತೆ. "ನೀರುಗಂಟಿಗೆ ಗಾಬ್ರಿ ಹತ್ಕೊಂಡದೆ. ಒಂಚೂರು ಕಮ್ಮಿಯಾದ್ರೆ ಪೂರಾ ಎತ್ತುತಾನೆ, ಒಂಚೂರು ಜಾಸ್ತಿಯಾದ್ರೆ ಪೂರಾ ಇಳುಸ್ತಾನೆ. ನೀರು ನಡುಗ್ತದೆ. ಆ ನಡುಕ ನಮ್ ಕಿವಿಗೆ ಕೇಳಲ್ಲ, ಅಷ್ಟು ಬೇಗಬೇಗ ನಡುಗ್ತದೆ. ಆದ್ರೆ ನಿಮ್ ದನೀನ ಕೆಡುಸ್ತದೆ." ಕೆಪಾಸಿಟರಿನ ಕಾಲಿಗೆ ಕರೆಂಟಿಗೆ ಅಡ್ಡ ನಿಲ್ಲುವ, ಅಕ್ಕಿಕಾಳಿನಷ್ಟು ಸಣ್ಣ ರೆಸಿಸ್ಟರೊಂದನ್ನು ಸೇರಿಸಿದರು. ನಡುಕ ನಿಂತಿತು. ಇಷ್ಟು ಸಣ್ಣದಕ್ಕೆ ತಾವು ಏಮಾರಿದ್ದಕ್ಕೆ ಅವರಿಗೆ ನಾಚಿಕೆ. ನಮ್ಮ ಮನೆಯಲ್ಲಿ ಕಾಫಿಯನ್ನೂ ತಲೆ ಬಗ್ಗಿಸಿಕೊಂಡೇ ಕುಡಿದರು.

ಅವರ ಕಟ್ಟುನಿಟ್ಟು ಅದು. ತಾವು ಮುಟ್ಟಿದ ಯಾವ ಪೆಟ್ಟಿಗೆಯಲ್ಲಿ ಏನೇ ತೊಂದರೆಯಾದರೂ ಮೊದಲ ಅನುಮಾನ ತಮ್ಮ ಮೇಲೆ. ಬೀರೂರಿನ ಭಜನಾ ಮಂಡಳಿಯವರ ಆಂಪ್ಲಿಫೈಯರು ಗುಂಯ್ಗುಡುತ್ತದೆಂದು ಒಮ್ಮೆ ಕರೆದರಂತೆ. ಇವರು ತಮ್ಮ ರೆಗ್ಯುಲೇಟರನ್ನು ಎರಡು ಸಲ ಬಿಚ್ಚಿ ಕಟ್ಟಿದರು. ಮೂರನೇ ಸಲ ಬಿಚ್ಚುವಾಗ ಗೊತ್ತಾಯಿತು, ಪಕ್ಕದ ಗೋಡೆಯಾಚೆ ಹಿಟ್ಟಿನ ಗಿರಣಿ. ಸದ್ದು ಕಿವಿಗೇ ನೇರವಾಗಿ ಬರುತ್ತಿತ್ತು. ಗಿರಿಜಮ್ಮ ಇದನ್ನು ಹೇಳಿ ನಗುತ್ತಿದ್ದರು. ಯಜಮಾನರು ನಗುತ್ತಿರಲಿಲ್ಲ. "ಗಿರಣಿ ಇದ್ರೂ ನಂದು ನೋಡ್ಕೊಳ್ಳೋದು ಬೇಡ್ವಾ?" ಎನ್ನುತ್ತಿದ್ದರು.

ಆ ರೆಸಿಸ್ಟರು ಹಾಕಿದ ಮೇಲೆ ನಾನು ಮಾಡಿದ ಮೊದಲ ರೆಕಾರ್ಡಿಂಗು ಕೇಳಿ ನನಗೆ ಹೆದರಿಕೆಯೇ ಆಯಿತು. ದನಿಯ ಹಿಂದೆ ಏನೂ ಇಲ್ಲ. ತುಟಿ ಬಿಡಿಸುವುದು, ಹಾಳೆ ಮಗುಚುವುದು, ನಾನು ಉಸಿರೆಳೆದುಕೊಳ್ಳುವುದು, ಎಲ್ಲವೂ ಕೇಳುತ್ತಿತ್ತು. "ಮೇಲಿನ ಸದ್ದು ತೆಗೆದ್ರೆ ಕೆಳಗಿರೋದು ಮೇಲಕ್ಕೆ ಬತ್ತದೆ" ಎಂದರು ಅವರು. ತರೀಕೆರೆಯ ಗುಮಾಸ್ತರು, "ಗೊರ್ಕೆ ಹೋಯ್ತು ಟೀಚರ್. ಆದ್ರೆ ನೀವ್ಯಾಕೆ ಓಡ್ಬಂದೋರಂಗೆ ಓದ್ತೀರಿ? ಅರ್ಧ ವಾಕ್ಯಕ್ಕೇ ಉಸ್ರು ತಗೋತೀರಿ" ಎಂದರು. ವಯಸ್ಸು ನಲವತ್ತು ದಾಟಿತಲ್ಲ ಎಂದು ನಕ್ಕು ಮಾತು ಮರೆಸಿದೆ. ಶಾಲೆಯ ಮೆಟ್ಟಿಲಿನ ನಡುವೆ ನಿಂತು ನೋಟೀಸು ಓದುವವಳಂತೆ ನಟಿಸಿ, ಉಸಿರು ಸರಿಮಾಡಿಕೊಂಡು ಮೇಲೆ ಹೋಗುವುದು ಆಗಲೇ ಎರಡು ವರ್ಷದ ಅಭ್ಯಾಸವಾಗಿತ್ತು. ಅದನ್ನು ಗಂಡನಿಗೂ ಹೇಳಿರಲಿಲ್ಲ.

ಹೀಗಿರುವಾಗ ತರೀಕೆರೆಯ ಡಾಕ್ಟರೊಬ್ಬರು ಗಿರಿಜಮ್ಮನ ಯಜಮಾನರಿಗೊಂದು ಕೆಲಸ ಹಚ್ಚಿದರು: ಎದೆಯ ಸದ್ದು ಶುದ್ಧವಾಗಿ ಕೇಳಿಸುವ ಮಿಷನ್ನೊಂದನ್ನು ಕಟ್ಟಿಕೊಡುವುದು. ಡಾಕ್ಟರಿಗೆ ಎಪ್ಪತ್ತು ದಾಟಿ ಕಿವಿ ಮಂದವಾಗಿತ್ತು. ಲಕ್ಕವಳ್ಳಿಯ ಕಡೆಯಿಂದೆಲ್ಲ ಜನ ಅವರನ್ನೇ ನಂಬಿಕೊಂಡು ಬರುತ್ತಿದ್ದರು, ಬಾಗಿಲು ಹಾಕಲು ಮನಸ್ಸಿರಲಿಲ್ಲ. ಪೇಟೆಯಲ್ಲಿ ಸಿಗುವ ಎಲೆಕ್ಟ್ರಾನಿಕ್ ಸ್ಟೆತಸ್ಕೋಪು ಅವರಿಗೆ ಒಗ್ಗಲಿಲ್ಲ. "ಲಬ್ ಡಬ್ ಜೋರಾಗಿ ಕೇಳ್ತದಯ್ಯಾ. ನಡುವೆ ಏನಿದೆ ಅನ್ನೋದು ಆ ಸುಸ್ ಸದ್ದಲ್ಲಿ ಮುಳುಗಿ ಹೋಗ್ತದೆ. ನನಗೆ ಬೇಕಾಗಿರೋದು ಆ ನಡುವಿಂದೇ" ಎಂದರಂತೆ.

ನಾನು ಅವರನ್ನು ಅಷ್ಟು ಸಂತೋಷದಲ್ಲಿ ಕಂಡದ್ದು ಆ ಒಂದು ತಿಂಗಳು ಮಾತ್ರ. ಮನುಷ್ಯರ ಮೈಗೆ ತಾಗುವ ಮಿಷನ್ನಿಗೆ ಗೋಡೆ ಕರೆಂಟು ಬೇಡವೆಂದು ಬ್ಯಾಟರಿ ಇಟ್ಟರು. ಬ್ಯಾಟರಿ ಇದ್ದರೆ ರೆಗ್ಯುಲೇಟರು ಯಾಕೆ ಎಂದು ಕೇಳಿದೆ. ಹೆಡ್‌ಫೋನು ಪ್ರತಿ ಬಡಿತಕ್ಕೂ ಒಂದು ಗುಟುಕು ಕರೆಂಟು ಎಳೆಯುತ್ತದೆ, ಆಗ ಬ್ಯಾಟರಿ ಒಂಚೂರು ಕುಸಿಯುತ್ತದೆ, ಆ ಕುಸಿತ ಮೈಕಿಗೆ ಗೊತ್ತಾಗಬಾರದು ಎಂದು ವಿವರಿಸಿದರು.

ಒಂದು ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಅವರ ಮನೆಗೆ ಹೋದಾಗ ಮಿಷನ್ನು ಮೇಜಿನ ಮೇಲಿತ್ತು. ಆಗಷ್ಟೇ ಕಟ್ಟಿ ಮುಗಿಸಿದ್ದರು. "ನಿಮ್ದೇ ಮೊದ್ಲು ಕೇಳೋಣ" ಎಂದರು. ಅವರು ಹೆಡ್‌ಫೋನು ಹಾಕಿಕೊಂಡು ನನಗೆ ಬೆನ್ನು ತಿರುಗಿಸಿ ನಿಂತರು. ಗಿರಿಜಮ್ಮ ಮೈಕಿದ್ದ ಬಿಲ್ಲೆಯನ್ನು ನನ್ನ ಎದೆಯ ಎಡಗಡೆ ಇಟ್ಟು ಹಿಡಿದುಕೊಂಡರು.

ಅವರ ಬೆನ್ನು ಅಲುಗಲಿಲ್ಲ. ಬಹಳ ಹೊತ್ತಾದ ಮೇಲೆ ಹೆಡ್‌ಫೋನು ತೆಗೆದು ನನ್ನ ಕೈಗೆ ಕೊಟ್ಟರು. "ಕೇಳಿ. ಲಬ್ ಆದ್ಮೇಲೆ, ಡಬ್‌ಗೆ ಮುಂಚೆ."

ಕೇಳಿಸಿತು. ಲಬ್, ಸುಯ್, ಡಬ್. ಲಬ್, ಸುಯ್, ಡಬ್. ಕಿಟಕಿಯ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ.

"ನಂದೇ ತಪ್ಪು. ಲಬ್ ಅಂದಾಗ ಕರೆಂಟು ಕುಸೀತಿದೆ. ರೆಗ್ಯುಲೇಟರ್ ಎದ್ದು ನಿಲ್ಲೋಕೆ ಹೊತ್ತು ತಗೋತಿದೆ. ಆ ಹೊತ್ತಲ್ಲಿ ಸುಯ್ ಅಂತದೆ. ಮುಂದಿನ ಶನಿವಾರ ಬನ್ನಿ" ಎಂದರು.

ಎರಡನೇ ಶನಿವಾರಕ್ಕೆ ಮೈಕಿಗೊಂದು, ಹೆಡ್‌ಫೋನಿಗೊಂದು ಎಂದು ಎರಡು ಬೇರೆ ಬೇರೆ ರೆಗ್ಯುಲೇಟರು ಹಾಕಿದ್ದರು. ಹಿಂದಿನ ಸಲ ಇದ್ದ ತೆಳುವಾದ ಮಳೆ ಸದ್ದು ಹೋಗಿತ್ತು. ಸುಯ್ ಹೋಗಿರಲಿಲ್ಲ, ಇನ್ನಷ್ಟು ಸ್ಪಷ್ಟವಾಗಿತ್ತು. ಮೂರನೇ ಶನಿವಾರಕ್ಕೆ ಗ್ರೌಂಡ್ ಎನ್ನುವ ನೆಲದ ವೈರುಗಳನ್ನೆಲ್ಲ ಒಂದೇ ಬಿಂದುವಿಗೆ ತಂದು ಸೇರಿಸಿ, ಹಲಗೆಯನ್ನೇ ಹೊಸದಾಗಿ ಕಟ್ಟಿದ್ದರು. ಗಿರಿಜಮ್ಮನ ಬಳೆ ಅಲುಗಿದರೂ ಕೇಳುವಷ್ಟು ನಿಶ್ಶಬ್ದ. ಆ ನಿಶ್ಶಬ್ದದ ನಡುವೆ ಅದೇ ಸುಯ್, ಈಗ ಕಿವಿಯ ಪಕ್ಕದಲ್ಲೇ ಯಾರೋ ಊದಿದ ಹಾಗೆ.

ಅವತ್ತು ಅವರು ನನ್ನ ಕಡೆ ತಿರುಗದೆಯೇ, "ಚಿಕ್ಕೋರಿದ್ದಾಗ ಜ್ವರ ಬಂದು ಕೀಲು ಗೀಲು ಊದಿತ್ತಾ ನಿಮ್ಗೆ?" ಎಂದು ಕೇಳಿದರು. ಹನ್ನೊಂದನೇ ವಯಸ್ಸಿನಲ್ಲಿ ಮೊಣಕಾಲು ಊದಿ ಒಂದು ತಿಂಗಳು ಮಲಗಿದ್ದೆ. ಹೌದು ಎಂದೆ. ಯಾಕೆ ಕೇಳಿದರೋ, ಏನೋ ಮಾತಿಗೆ ಇರಬೇಕು ಎಂದುಕೊಂಡೆ. ಅವರು ಹಲಗೆಯ ಮೇಲೆ ಬಗ್ಗಿ, ಗಟ್ಟಿಯಾಗಿಯೇ ಇದ್ದ ಬೆಸುಗೆಯೊಂದನ್ನು ಮತ್ತೆ ಕಾಯಿಸತೊಡಗಿದರು.

ಮುಂದಿನ ಬುಧವಾರ, ಉತ್ತರ ಪತ್ರಿಕೆಗಳ ಕಟ್ಟು ಹೊತ್ತುಕೊಂಡು ಶಾಲೆಯ ಮೆಟ್ಟಿಲು ಹತ್ತುತ್ತಿದ್ದೆ. ನೋಟೀಸು ಓದುವ ಜಾಗಕ್ಕೆ ಬಂದದ್ದು ನೆನಪಿದೆ. ಕಣ್ಣು ಬಿಟ್ಟಾಗ ಕೆಳಗೆ ಬಿದ್ದಿದ್ದೆ. ಎಡಗೈ ಮಣಿಕಟ್ಟು ಮುರಿದಿತ್ತು. ಬಿಸಿಲು, ಉಪವಾಸ, ತಲೆಸುತ್ತು ಎಂದು ಜನ ತಲೆಗೊಂದು ಕಾರಣ ಹೇಳಿದರು. ನಾನೂ ಒಪ್ಪಿಕೊಂಡೆ.

ಗುರುವಾರ ಬೆಳಗ್ಗೆ ಅವರು ಬಂದರು. ಮೊದಲ ಬಸ್ಸು. ಬಾಗಿಲಲ್ಲಿ ನಿಂತು ನನ್ನ ಕೈಯ ಪ್ಲಾಸ್ಟರು ನೋಡಿದರು. ಮುಖ ಬೂದಿಯಾಗಿತ್ತು. ಮನುಷ್ಯನ ಮುಖದಿಂದ ರಕ್ತ ಇಳಿದು ಹೋಗುವುದು ಎಂದರೆ ಏನೆಂದು ನಾನು ಅವತ್ತು ಕಂಡೆ. ಬರೀ ಕೈ ಮುರಿದದ್ದಕ್ಕೆ ಇಷ್ಟು ಹೆದರಿದರಲ್ಲ ಎಂದು ನನಗೆ ಅವರ ಮೇಲೆಯೇ ಮರುಕವಾಯಿತು.

"ಏಳಿ. ತರೀಕೆರೆಗೆ ಹೋಗೋಣ. ಡಾಕ್ಟ್ರು ಒಂದ್ಸಲ ಮಿಷನ್ ನೋಡ್ಬೇಕಂತೆ" ಎಂದರು.

"ಮಿಷನ್ ನೋಡೋಕೆ ನಾನ್ಯಾಕೆ ಸರ್?"

"ಬನ್ನಿ ಅಂದ್ನಲ್ಲಮ್ಮ." ಅವರು ನನ್ನ ಮೇಲೆ ದನಿಯೆತ್ತಿದ್ದು ಅದೊಂದೇ ಸಲ. ನನ್ನ ಗಂಡ ಅಂಗಡಿಗೆ ಬೀಗ ಹಾಕಿಕೊಂಡು ಜೊತೆಗೆ ಹೊರಟರು.

ಡಾಕ್ಟರು ಹೆಡ್‌ಫೋನು ಹಾಕಿಕೊಂಡು ನನ್ನ ಎದೆಯ ಮೇಲೆ, ಪಕ್ಕೆಯ ಕೆಳಗೆ, ಬೆನ್ನಿನ ಮೇಲೆ ಬಿಲ್ಲೆಯಿಟ್ಟು ಕೇಳಿದರು. ಎಡಮಗ್ಗುಲಾಗಿ ಮಲಗಿಸಿ ಮತ್ತೆ ಕೇಳಿದರು. ಚಿಕ್ಕಂದಿನಲ್ಲಿ ಕೀಲು ಊದಿ ಜ್ವರ ಬಂದಿತ್ತೇ ಎಂದು ಅವರೂ ವಿಚಾರಿಸಿದರು, ಹೇಳಿದೆ. ಅವರು ಮೂಲೆಯಲ್ಲಿ, ಎಡಗೈ ಬೆನ್ನ ಹಿಂದಿಟ್ಟುಕೊಂಡು ನಿಂತಿದ್ದರು. ಡಾಕ್ಟರು ನನ್ನನ್ನು ನೋಡದೆ ಅವರನ್ನೇ ನೋಡುತ್ತ ಹೇಳಿದರು:

"ನಿನ್ ಮಿಷನ್ ಚೆನ್ನಾಗಿದೆ ಕಣಯ್ಯಾ. ಇಷ್ಟು ಶುದ್ಧವಾಗಿ ನಾನು ಇಪ್ಪತ್ತು ವರ್ಷದಿಂದ ಕೇಳಿರ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ತಾಯಿ, ಸದ್ದು ಇದರದ್ದಲ್ಲ. ನಿಮ್ಮ ಹೃದಯದಲ್ಲಿ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ತಿಲ್ಲ. ರಕ್ತ ಹಿಂದಕ್ಕೆ ನುಗ್ತಿದೆ. ಚಿಕ್ಕಂದಿನ ಆ ಜ್ವರದ್ದೇ ಇರಬೇಕು. ತಡ ಮಾಡ್ಬೇಡಿ."

 ಮೂರು ವಾರದಿಂದ ನಾವು ಕೂತು ಹುಡುಕುತ್ತಿದ್ದ ಸದ್ದು. ನಾನೂ ಹೆಡ್‌ಫೋನು ಹಾಕಿಕೊಂಡು ಕೇಳಿ, "ಇನ್ನೂ ಇದೆ ಸರ್, ಇನ್ನೂ ಹೋಗಿಲ್ಲ" ಎಂದು ಹೇಳಿದ್ದ ಸದ್ದು. ಅದು ನಾನು. ನನ್ನ ಗಂಡ ಕುರ್ಚಿಯ ಕೈ ಹಿಡಿದುಕೊಂಡು ಮೆಲ್ಲಗೆ ಕೂತರು.

ಶಿವಮೊಗ್ಗದಲ್ಲಿ ಸ್ಕ್ಯಾನು, ಬೆಂಗಳೂರಿನಲ್ಲಿ ಆಪರೇಷನ್ನು ಆಯಿತು. ಕವಾಟವನ್ನು ಬದಲಿಸದೆ ಹೊಲಿದು ಸರಿಮಾಡಿದರು. ಎರಡು ವರ್ಷವಾಯಿತು. ಈಗ ನಾನು ಎರಡು ಮಹಡಿ ನಿಲ್ಲದೆ ಹತ್ತುತ್ತೇನೆ. ಓದುವಾಗ ವಾಕ್ಯದ ಕೊನೆಯವರೆಗೂ ಉಸಿರು ಇರುತ್ತದೆ. ಮುರಿದ ಮಣಿಕಟ್ಟು ಮಾತ್ರ ಪೂರ್ತಿ ಕೂಡಲಿಲ್ಲ. ಒದ್ದೆ ಬಟ್ಟೆ ಹಿಂಡಲಾರೆ, ತೆಂಗಿನಕಾಯಿ ತುರಿಯಲಾರೆ. ಜೀವ ಉಳಿಯಿತಲ್ಲ, ಕೈಯದೇನು ಎಂದು ಎಲ್ಲರಿಗೂ ಹೇಳುತ್ತಿದ್ದೆ. ಅವರು ಎದುರಿಗಿದ್ದಾಗ ಆ ಮಾತು ಹೇಳಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಹೊಗಳಿಕೆ ಸೇರದ ಮನುಷ್ಯ ಎಂದುಕೊಂಡಿದ್ದೆ.

ಅವರ ಸಾವಿನ ಸುದ್ದಿ ಹೇಳಲು ತರೀಕೆರೆಯ ಡಾಕ್ಟರ ಬಳಿ ಹೋದೆ. ಅವರಿಗೆ ಆಗಲೇ ಗೊತ್ತಿತ್ತು. "ಅವನ ಎದೇನ ನಾನು ಎಷ್ಟು ಸಲ ಕೇಳಿಲ್ಲ! ಅದೇ ಮಿಷನ್ನಲ್ಲೇ ಕೇಳಿದ್ದೆ" ಎಂದರು ಆ ಮುದುಕರು. "ಏನೂ ಇರ್ಲಿಲ್ಲ. ರಕ್ತನಾಳ ಕಟ್ಕೊಂಡ್ರೆ ಹೊರಗೆ ಸದ್ದು ಬರಲ್ಲ ತಾಯಿ." ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

ತಿಂಗಳು ಕಳೆದ ಮೇಲೆ ಗಿರಿಜಮ್ಮ ಫೋನು ಮಾಡಿದರು. "ಒಂದ್ಸಲ ಬಂದೋಗಿ ಟೀಚರ್. ನಿಮ್ಗೊಂದು ಮಾತು ಹೇಳ್ಬೇಕು. ಹೇಳ್ದೆ ಇದ್ರೆ ನಂಗೆ ಊಟ ಸೇರಲ್ಲ."

ಹೋದೆ. ಹಿಂದಿನ ಕೋಣೆಯ ಮೇಜನ್ನು ಅವರು ಬಿಟ್ಟು ಹೋದಂತೆಯೇ ಇಟ್ಟಿದ್ದರು. ನನ್ನನ್ನು ಅಲ್ಲಿ ಕೂರಿಸಲಿಲ್ಲ. ಅಡುಗೆಮನೆಯಲ್ಲಿ ಎದುರುಬದುರು ಮಣೆ ಹಾಕಿದರು.

"ಮೊದಲ್ನೇ ಶನಿವಾರ ನೀವು ಬಸ್ಸಿಗೆ ಹೋದ್ರಲ್ಲ, ಅವತ್ತೇ ಅವ್ರಿಗೆ ಗೊತ್ತಾಗಿತ್ತು ಟೀಚರ್."

"ಏನು ಗೊತ್ತಾಗಿತ್ತು?"

"ನಿಮ್ಮೆದೆ ವಿಷ್ಯ."

ನನಗೆ ಅರ್ಥವಾಗಲಿಲ್ಲ. ಗಿರಿಜಮ್ಮ ನೆಲ ನೋಡುತ್ತ ಹೇಳತೊಡಗಿದರು. ನಾನು ಅತ್ತ ಹೋದ ಮೇಲೆ ಆ ಬಿಲ್ಲೆಯನ್ನು ಯಜಮಾನರು ತಮ್ಮ ಎದೆಗಿಟ್ಟುಕೊಂಡು ಕೇಳಿದರಂತೆ. ಗಿರಿಜಮ್ಮನ ಎದೆಗಿಟ್ಟು ಕೇಳಿದರಂತೆ. ಪಕ್ಕದ ಮನೆಯವರನ್ನು, ಹಾಲು ತರುವ ಹೆಂಗಸನ್ನು ಕರೆದು ಕೂರಿಸಿ ಕೇಳಿದರಂತೆ. ಯಾರದರಲ್ಲೂ ಸುಯ್ ಇರಲಿಲ್ಲ.

"ಆಮ್ಯಾಕೆ ನೆಲದ ಮೇಲೆ ಕುಂತ್ಬಿಟ್ರು. ಫೋನ್ ಮಾಡಿ ಹೇಳ್ರೀ ಅಂದೆ ನಾನು. 'ನಾನೇನು ಡಾಕ್ಟ್ರೇನೇ? ಈ ಬೋರ್ಡು ಸರಿಯಾಗೈತೆ ಅಂತ ಯಾರು ಹೇಳಿದ್ರು? ಸುಳ್ಳು ಹೇಳಿ ಒಂದು ಹೆಣ್ಣುಮಗಳ ಜೀವ ಹೆದರ್ಸ್ಲಾ?' ಅಂದ್ರು. ಎರಡ್ನೇ ವಾರ ಇನ್ನೂ ಚೆನ್ನಾಗಿ ಕೇಳ್ತಲ್ಲ, ಅವತ್ತು ಊಟ ಮಾಡ್ಲಿಲ್ಲ. ಚಿಕ್ಕಂದಿನ ಕೀಲುಜ್ವರ ಎದೇಲಿ ಇಂಥ ಸದ್ದು ಬಿಡ್ತದೆ ಅಂತ ಡಾಕ್ಟ್ರು ಹಿಂದೆ ಅಂದಿದ್ದು ತಲೇಲಿತ್ತು ಅವ್ರಿಗೆ. ಮೂರ್ನೇ ವಾರ ನಾನೇ ನಿಮ್ಗೆ ಹೇಳ್ಬಿಡ್ತೀನಿ ಅಂದೆ. ಕೈ ಮುಗುದ್ರು ಟೀಚರ್ ನಂಗೆ. 'ಇನ್ನೊಂದ್ಸಲ ಬಿಚ್ಚಿ ಕಟ್ತೀನಿ ಕಣೇ, ನನ್ನ ಬೋರ್ಡೇ ಕೆಟ್ಟಿರ್ಲಿ ಅಂತ ಬೇಡ್ಕೊ' ಅಂದ್ರು. ನಾನೂ ಬೇಡ್ಕೊಂಡೆ. ಸುಮ್ಕಿದ್ದೆ."

 ನನ್ನ ಕಣ್ಣು ನನ್ನ ಎಡಗೈ ಮೇಲೆ ನಿಂತಿತ್ತು.

"ಆ ಬುಧವಾರ ನೀವು ಬಿದ್ದಿರಿ ಅಂತ ಸುದ್ದಿ ಬಂತು. ಆ ಕೈ ನಾನೇ ಮುರ್ದೆ ಅಂತ ಅವತ್ತಿಂದ ಹೇಳ್ತಾ ಇದ್ರು. ನಿಮ್ ಮುಂದೆ ಹೇಳೋ ಧೈರ್ಯ ಮಾತ್ರ ಬರ್ಲಿಲ್ಲ. ಬೈದ್ಬಿಡಿ ಟೀಚರ್. ಅವ್ರಿಲ್ಲ, ನಂಗಾದ್ರೂ ಬೈದ್ಬಿಡಿ."

ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು.  ಮೂರು ವಾರ. ಆ ಮೂರು ವಾರದಲ್ಲಿ ನಾನು ಆ ಮೆಟ್ಟಿಲನ್ನು ಎಷ್ಟು ಸಲ ಹತ್ತಿದೆ! ಕೈ ಮುರಿಯುವ ಬದಲು ತಲೆ ಒಡೆದಿದ್ದರೆ? ತಲೆಯೊಳಗೆ ಇಂಥವೇ ಪ್ರಶ್ನೆಗಳು ಸುತ್ತುತ್ತಿದ್ದವು. ಜೊತೆಗೇ ಆ ಮನುಷ್ಯ ಮೂರು ವಾರ ಒಂದೇ ಹಲಗೆಯನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತ, ತನ್ನ ಕೈಕೆಲಸ ಕೆಟ್ಟಿರಲಿ ಎಂದು ಹಾರೈಸುತ್ತ ಕೂತದ್ದೂ ಕಣ್ಣಿಗೆ ಕಟ್ಟಿತು. ಅವರು ಒಂದೊಂದು ಸದ್ದು ತೆಗೆದು ಹಾಕಿದಷ್ಟೂ ನನ್ನದು ಎದ್ದು ಕೇಳಿಸಿರಬೇಕು ಅವರಿಗೆ.

ಒಲೆಯ ಮೇಲಿನ ಹಾಲು ಉಕ್ಕಿತು. ಗಿರಿಜಮ್ಮ ಏಳಲಿಲ್ಲ. ನಾನೇ ಎದ್ದು ಒಲೆ ಆರಿಸಿ ಬಂದು ಕೂತೆ.

"ಮೊದಲ್ನೇ ಶನಿವಾರ ಹೇಳಿದ್ರೂ ನಾನು ನಂಬ್ತಿರ್ಲಿಲ್ಲ ಗಿರಿಜಮ್ಮ. ಎರಡು ವರ್ಷದಿಂದ ಮೆಟ್ಲು ಹತ್ತೋಕಾಗ್ದೆ ಗೋಡೆ ಹಿಡ್ಕೊಂಡು ನಿಲ್ತಿದ್ದೆ. ಯಾರಿಗೂ ಹೇಳಿರ್ಲಿಲ್ಲ. ನಿಮ್ಮ ಮಿಷನ್ನೇ ಸರಿಯಿಲ್ಲ ಸರ್ ಅಂತ ನಾನೇ ಹೇಳಿ, ಬಸ್ಸು ಹತ್ತಿ ಮನೆಗೆ ಹೋಗಿರ್ತಿದ್ದೆ" ಎಂದೆ.

ಗಿರಿಜಮ್ಮ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದರು. "ನಿಜ ಹೇಳ್ತಿದ್ದೀರಾ?"

"ನಿಜ" ಎಂದೆ.

ಅದು ನಿಜವೋ, ಎದುರಿಗೆ ಕೂತ ಹೆಂಗಸಿಗಾಗಿ ಆ ಕ್ಷಣಕ್ಕೆ ಹೊಳೆದದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೆಣ ಮನೆಗೆ ತಂದ ದಿನ ಬಂದವರಿಗೆಲ್ಲ ನೀರು ಕೊಡುತ್ತ ಓಡಾಡಿದ್ದ ಗಿರಿಜಮ್ಮ, ಒಂದು ಹನಿ ಕಣ್ಣೀರೂ ಹಾಕದೆ ತಿಂಗಳು ಕಳೆದಿದ್ದ ಗಿರಿಜಮ್ಮ, ಸೆರಗು ಬಾಯಿಗೊತ್ತಿಕೊಂಡು ಅಳಲು ಶುರುಮಾಡಿದರು. ನಾನು ಪಕ್ಕಕ್ಕೆ ಸರಿದು ಕೂತು, ತಿರುಗುವಷ್ಟು ತಿರುಗಿದ ಎಡಗೈಯನ್ನು ಅವರ ಬೆನ್ನ ಮೇಲಿಟ್ಟೆ.